ಅಸಗಾವಾ ಮನೆತನದ ಎರಡು ಫಲಕಗಳು

ಜಪಾನಿನ ವಕಾಸಾ ಕಡಲತೀರದಲ್ಲಿ, ಬೆಸ್ತರ ಓಣಿಯ ಕೊನೆಗೆ, ಪೂಜ್ಯ ಭಿಕ್ಷುಣಿ ಮ್ಯೋರೆನ್ ಮಾತೆಯವರ ಪುಟ್ಟ ವಿಹಾರವಿತ್ತು. ತೀರಿಕೊಂಡವರಿಗೆ ಧರ್ಮನಾಮ ಕೊಟ್ಟು, ಅದನ್ನು ಮರದ ಫಲಕದ ಮೇಲೆ ಬರೆದು ಪೂಜೆಗಿಡುವುದು ಆ ನಾಡಿನ ಪದ್ಧತಿ. ಅಂತಸ್ತು ದೊಡ್ಡದಾದಷ್ಟೂ ಹೆಸರು ಉದ್ದ. ಮಾತೆಯವರು ಮಾತ್ರ ಯಾರಿಗೇ ಆಗಲಿ ಎರಡೇ ಅಕ್ಷರ ಬರೆಯುತ್ತಿದ್ದರು. ಇದರಲ್ಲಿ ರಿಯಾಯಿತಿ ಇರಲಿಲ್ಲ.

೧೯೪೭ರ ಬೇಸಿಗೆ. ಹೊಸ ಸಂವಿಧಾನ ಬಂದು ವಂಶಪಾರಂಪರ್ಯದ ಪದವಿಗಳೆಲ್ಲ ರದ್ದಾಗಿದ್ದವು. ಅಸಗಾವಾ ಎಂಬ ಹಿರಿಯರು, ಯುದ್ಧದಲ್ಲಿ ಮಡಿದ ಒಬ್ಬನೇ ಮಗ ಮಸಯಾನ ಅಸ್ಥಿಪೆಟ್ಟಿಗೆ ಹಿಡಿದು ಬಂದರು. ಅವರದು ಅಜ್ಜನ ಕಾಲದಿಂದ ಬಂದ ‘ಶಿಶಾಕು’ ಪದವಿ. ಕುಲೀನರ ಐದು ದರ್ಜೆಗಳಲ್ಲಿ ನಾಲ್ಕನೆಯದು. ರದ್ದಾದ ಪದವಿಯನ್ನು ಫಲಕದಲ್ಲಿ ಬರೆಯಲು ಎರಡು ಮಠಗಳು ಹೆದರಿದ್ದವು. ಬರೆಯುವ ತನಕ ಅಸ್ಥಿಯನ್ನು ಮಣ್ಣಿಗಿಡೆನೆಂದು ಇವರ ಹಟ. ಮನೆಯಲ್ಲಿ ಪತ್ನಿ ಅನ್ನ ಬಿಟ್ಟಿದ್ದರು.

“ಮೀನು ಹಿಡಿಯುವವನಿಗೂ ಎರಡಕ್ಷರ, ಶಿಶಾಕುವಿನ ವಾರಸುದಾರನಿಗೂ ಎರಡೇ ಅಕ್ಷರವೇ, ತಾಯಿ?”

“ಹೌದಪ್ಪ. ನನ್ನ ಕುಂಚಕ್ಕೆ ಅಷ್ಟೇ ಬರುವುದು.”

“ಹಾಗಾದರೆ ನಾನು ಇಲ್ಲಿಂದ ಏಳುವುದಿಲ್ಲ.”

“ಕುಳಿತಿರಿ. ಚಾಪೆ ಇದೆ.”

ಎರಡು ದಿನ ಕುಳಿತರು. ಮಾತೆಯವರು ಗಂಜಿ ಕೊಟ್ಟರು, ಅಕ್ಷರ ಕೊಡಲಿಲ್ಲ. ಇಂಥ ಶೋಕವನ್ನು ಬರೀ ಅಹಂಕಾರವೆಂದು ತಳ್ಳಿಹಾಕುವುದು ಸುಲಭ. ಅವರು ಸುಲಭದ ದಾರಿ ಹಿಡಿದವರಲ್ಲ. ಮೂರನೆಯ ಬೆಳಗ್ಗೆ ಬಿಳಿ ಮರದ ಎರಡು ಫಲಕಗಳನ್ನು ತಂದಿಟ್ಟರು.

“ಅಯ್ಯಾ, ನಿಮ್ಮ ಮನೆಯಲ್ಲಿ ಎರಡು ಸಾವಾಗಿವೆ. ನೀವು ಒಂದನ್ನೇ ಹೇಳಿದಿರಿ.”

ಅಸಗಾವಾ ತಲೆಯೆತ್ತಿದರು.

“ಆ ಪದವಿಗೆ ಎಷ್ಟು ವಯಸ್ಸಾಗಿತ್ತು?”

“ಅರವತ್ತಮೂರು.”

“ಮಗನಿಗೆ?”

“ಇಪ್ಪತ್ತೆರಡು.”

“ಹಿರಿಯರದ್ದು ಮೊದಲಾಗಲಿ.”

ಮಾತೆಯವರು ಧರ್ಮನಾಮವಿಡದೆ ಇದ್ದದ್ದನ್ನೇ ಬರೆದರು: ‘ಅಸಗಾವಾ ಮನೆಯ ಶಿಶಾಕು ಪದವಿ, ವಯಸ್ಸು ಅರವತ್ತಮೂರು.’ ಧೂಪ ಹಚ್ಚಿ, ಮನುಷ್ಯರಿಗೆ ಮಾಡುವಂತೆಯೇ ಸಂಪೂರ್ಣ ಕರ್ಮ ನಡೆಸಿದರು. ಒಂದು ಮಂತ್ರ ಬಿಡಲಿಲ್ಲ, ತುಟಿಯಲ್ಲಿ ನಗೆ ತರಲಿಲ್ಲ. ಯುದ್ಧ ಮುಗಿದ ಮೇಲೆ ಮೊದಲ ಸಲ ಅಸಗಾವಾ ಬಿಕ್ಕಿ ಬಿಕ್ಕಿ ಅತ್ತರು. ಆಮೇಲೆ ತಾವೇ ಇನ್ನೊಂದು ಫಲಕವನ್ನು ಮುಂದೆ ಸರಿಸಿದರು.

“ಎರಡೇ ಅಕ್ಷರ ಸಾಕು, ತಾಯಿ.”

ಅಂದು ಮಧ್ಯಾಹ್ನವೇ ಮಸಯಾನ ಅಸ್ಥಿ ಬೆಸ್ತರ ಸಮಾಧಿಗಳ ಸಾಲಿನಲ್ಲಿ ಮಣ್ಣು ಸೇರಿತು.

ದಡದಲ್ಲಿ ಅಂಬಿಗ ಕೂಗಿದ: “ಶಿಶಾಕು ಪ್ರಭುಗಳೇ, ದೋಣಿ ಸಿದ್ಧ!”

ಅಸಗಾವಾ ಕೈಮುಗಿದು ನುಡಿದರು: “ಅವರು ತೀರಿಕೊಂಡರಪ್ಪ, ಕರ್ಮ ಮುಗಿಸಿ ಬಂದೆ. ನಾನು ಮಸಯಾನ ಅಪ್ಪ. ಅವನ ತಾಯಿಗೆ ಊಟ ಮಾಡಿಸಬೇಕು, ಬೇಗ ಹೊರಡು.”