ದೀಪದ ಮೇಲಿನ ಪಟ

ಹೊಳೆದಂಡೆಯ ಆಶ್ರಮದಲ್ಲಿ ಸೋಮಲಿಂಗನೆಂಬ ಶಿಷ್ಯನಿದ್ದ. ಗುರುಗಳಾದ ಅಜ್ಜಾರ ಸೇವೆಯ ಜೊತೆಗೆ ಆಶ್ರಮದ ಕಾರು ನಡೆಸುವುದೂ ಅವನದೇ ಕೆಲಸ.

ಒಂದು ದಿನ ಅಡುಗೆಯ ನೀಲವ್ವನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವಾಗ ಟಯರಿನ ಗಾಳಿ ಪೂರ್ತಿ ಇಳಿದು, ಕಾರು ತಿರುವಿನಲ್ಲಿ ರಸ್ತೆ ಬಿಟ್ಟು ತಗ್ಗಿಗೆ ಹೋಯಿತು. ಸೋಮಲಿಂಗನ ಕೂದಲೂ ಕೊಂಕಲಿಲ್ಲ. ನೀಲವ್ವನ ಬಲಗೈ ಮುರಿಯಿತು.

ಟಯರಿನಲ್ಲಿ ಮೊಳೆ ಸಿಕ್ಕಿತು. ಎಲ್ಲರೂ ಮೊಳೆಯನ್ನು ಬೈದರು, ಸೋಮಲಿಂಗನನ್ನು ಹೊಗಳಿದರು.

"ತಮ್ಮಾ, ನೀ ಇದ್ದಿ ಅಂತ ಜೀವ ಉಳೀತು," ಎಂದು ನೀಲವ್ವ ಎಡಗೈಯಿಂದ ಅವನ ಕೆನ್ನೆ ಸವರಿದಳು.

ರೊಟ್ಟಿ ಬಡಿಯುವ ಕೈಗೆ ಪಟ್ಟಿ ಬಿದ್ದಿದ್ದರಿಂದ ಊಟಕ್ಕೆ ಬರೀ ಅನ್ನ. ಸೋಮಲಿಂಗ ಅದನ್ನೂ ಅರ್ಧಕ್ಕೇ ಬಿಟ್ಟು ಎದ್ದ. ನಾಚಿಕೆಯಿಂದ ಅವನು ಹಿಡಿಯಷ್ಟಾಗಿದ್ದ.

ತಗ್ಗಿನಿಂದ ಎಳೆತಂದು ಅಂಗಳದಲ್ಲಿ ನಿಲ್ಲಿಸಿದ್ದ ಕಾರನ್ನು ಅಜ್ಜಾರು ನೋಡಬೇಕೆಂದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಶಿಷ್ಯ ಕಾರಿನ ಬಾಗಿಲು ತೆಗೆದ.

"ಚಾಲೂ ಮಾಡು."

ಮಾಡಿದ. ಮೀಟರಿನ ಮೇಲೆ ಅಜ್ಜಾರದೇ ಒಂದು ಪುಟ್ಟ ಪಟ ಅಂಟಿಸಿತ್ತು. ಅವರು ಬಾಗಿ, ಉಗುರಿನಿಂದ ಅದನ್ನು ಎಬ್ಬಿಸಿದರು. ಕೆಳಗೆ ಹಳದಿ ದೀಪವೊಂದು ಮಿಣುಕುತ್ತಿತ್ತು.

"ಏನು ಹೇಳತೈತಿ ಇದು?"

"ಪ್ರತಿ ಗಾಲಿ ಒಳಗ ಒಂದು ಸೆನ್ಸರ್ ಇರತೈತರಿ ಅಜ್ಜಾರ. ಗಾಳಿ ಎಷ್ಟೈತಿ ಅಂತ ಅಳದು ಇಲ್ಲಿಗೆ ಸುದ್ದಿ ಕಳಸತೈತಿ. ಗಾಳಿ ಕಡಿಮಿ ಆದ್ರ ದೀಪ ಹತ್ತತೈತಿ. ಗಾಳಿ ಹಾಕಿಸಿದ್ರ ಆರತೈತಿ."

"ಇದು ಮಿಣಕಾಕ ಹತ್ತೈತಲ್ಲ?"

ಸೋಮಲಿಂಗ ತಲೆ ತಗ್ಗಿಸಿದ.

"ಚಾಲೂ ಮಾಡಿದ ಕೂಡ್ಲೆ ಮಿಣಕಿದ್ರ ಸುದ್ದಿ ಹೇಳೂದೇ ಕೆಟ್ಟೈತಿ ಅಂತರಿ. ಸೆನ್ಸರಿನ ಬ್ಯಾಟರಿ ಮುಗದಿತ್ತು. ಅದಕ್ಕ ಗಾಳಿ ಹಾಕಿಸಿ ಉಪಯೋಗಿಲ್ಲ, ಹೊಸದು ಕೂಡಿಸಬೇಕು."

"ಅಂದ್ರ ಗಾಳಿ ಹೋದ್ರೂ ಹೇಳವರು ಯಾರೂ ಇರಲಿಲ್ಲ."

"ಇರಲಿಲ್ಲರಿ."

"ಇದೆಲ್ಲ ನಿನಗ ಮೊದಲ ಗೊತ್ತಿತ್ತು?"

"ಗೊತ್ತಿತ್ತರಿ. ಗ್ಯಾರೇಜಿನ್ಯಾಗ ಹೇಳಿದ್ರು. ನಾಳೆ ಮಾಡಿಸಿದ್ರಾತು, ನಾಡದ ಮಾಡಿಸಿದ್ರಾತು ಅಂತ ಬಿಟ್ಟೆ."

"ಮತ್ತ ನನ್ನ ಪಟ ಯಾಕ?"



"ದೀಪ ಕಣ್ಣಿಗೆ ಚುಚ್ಚತಿತ್ತರಿ. ನಿಮ್ಮ ಮುಖ ಮುಂದಿದ್ರ ನೀವ ಕಾಯತೀರಿ ಅಂದ್ಕೊಂಡೆ."

ಅಜ್ಜಾರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ನೀಲವ್ವಗ ಹೇಳೀಯೇನು?"

"ಇಲ್ಲರಿ. ಆಕಿ ಮುಖ ನೋಡಾಕ ಆಗವಲ್ದು. ಮೊಸರು ಬಡಿಸಾಕ ಬಂದ್ರೂ ಎದ್ದು ಹೋಗ್ತೇನಿ." ಸೋಮಲಿಂಗ ಅವರ ಪಾದ ಹಿಡಿದ. "ಎದಿಯೊಳಗ ಒಂದ ಸಮನ ಸುಡತೈತರಿ ಅಜ್ಜಾರ. ಜಪ ಮಾಡಿದ್ರೂ ಹೋಗವಲ್ದು. ಈ ನಾಚಿಕಿ ಕಾಣದಂಗ ಏನರೆ ಕೊಡ್ರಿ."

ಅಡುಗೆಮನೆಯಲ್ಲಿ ನೀಲವ್ವ ಒಂದೇ ಕೈಯಿಂದ ಪಾತ್ರೆ ಎಳೆಯುವ ಸದ್ದು ಕೇಳುತ್ತಿತ್ತು.

ಅಜ್ಜಾರು ತಮ್ಮ ಪಟವನ್ನು ಅವನ ಅಂಗೈಯಲ್ಲಿಟ್ಟರು.

"ತಗೋ. ಅಂಟು ಇನ್ನೂ ಐತಿ."