ಬೋರಲು ಬಿದ್ದ ಕಲ್ಲು

“ಕೇಳ್ರಪ್ಪೋ ಕೇಳ್ರಿ! ಕೆಂಗುಡ್ಡದಿಂದ ತಂದ ಹಾಸುಗಲ್ಲು ಅರಮನಿ ಅಂಗಳದಾಗ ಐತಿ. ರಾಜಕುಮಾರಿ ಸೋಮಲೆಯ ಮೂರು ಒಗಟು ಬಿಡಿಸಿ ಅದಕ್ಕ ತಕ್ಕ ಹೆಸರಿಟ್ಟವರಿಗೆ ಬೇಡಿದ್ದು ಕೊಡತಾರ. ಉತ್ತರಾನ ಕಲ್ಲಿನಾಗ ತೋರಿಸಬೇಕು. ತಪ್ಪಿದವರ ತಲಿ ಅಮಾಸಿಗೆ ಉರುಳತೈತಿ!”

ಡಂಗುರ ಸಾರಿದ ಮೂರು ದಿನದಲ್ಲಿ ಹನ್ನೊಂದು ಮಂದಿ ಪಂಡಿತರು ಸೋತು ಸೆರೆಮನೆ ಸೇರಿದರು. ಹಿಂದೆ ನಿಂತು ನೋಡುತ್ತಿದ್ದ ಕಲ್ಲುಕುಟಿಗ ಭರಮನಿಗೆ ಮೈ ಪರಚಿಕೊಳ್ಳುವಂತಾಗಿತ್ತು. ಗಾಡಿಯವರು ಕಲ್ಲನ್ನು ಬೋರಲು ಇಳಿಸಿದ್ದರು! ಗುಡ್ಡದಲ್ಲಿ ಮಲಗಿದ್ದ ಹಾಗೆಯೇ ಮಲಗಿಸದೆ ಕಲ್ಲುಕುಟಿಗರು ಉಳಿಯನ್ನೇ ಮುಟ್ಟುವುದಿಲ್ಲ. ಮೊದಲ ದಿನವೇ ಹೇಳಹೋದರೆ ಕಾವಲುಗಾರ, “ನಿನ್ನ ಕೇಳಿದ್ಯಾರಲೇ?” ಎಂದು ನೂಕಿದ್ದ.

ಈಗ ನರಹರಿಭಟ್ಟರ ಸರದಿ. ಸೋಮಲೆ ಕೇಳಿದಳು: “ಈ ಕಲ್ಲಿನ ತಾಯಿ ಯಾರು?”

“ಅಗ್ನಿ.”

“ನೀರು ಕಾಣದ ಗುಡ್ಡದ ಕಲ್ಲಿಗೆ ಈ ಸುಕ್ಕು ಹೇಗೆ ಬಂತು?”

“ಮುಪ್ಪಿನಿಂದ.”

“ಹಗ್ಗದಂತೆ ಉಬ್ಬಿ ಹರಿದಾಡುವ ಇವು ಯಾರ ದೇಹ?”

“ಶಾಪ ತಗುಲಿದ ನಾಗಗಳು. ಇದರ ಹೆಸರು ನಾಗಶಿಲೆ!”

ಎಲ್ಲಿ, ತೋರಿಸಿ ಎಂದರೆ ಭಟ್ಟರು ಹೆಡೆ ಹುಡುಕುತ್ತ ಕಲ್ಲಿನ ಸುತ್ತ ತಿರುಗಿದರು. ಭರಮನಿಗೆ ಇನ್ನು ತಡೆಯಲಾಗಲಿಲ್ಲ. ಕಾವಲುಗಾರನನ್ನು ಸರಿಸಿ ನುಗ್ಗಿದ.

“ಮೂರೂ ತಪ್ಪರೀ!”

“ಸೋತರೆ ನಿನ್ನ ತಲೆಯೂ ಹೋದೀತು,” ಎಂದಳು ಸೋಮಲೆ.

“ಹೋದ್ರ ಹೋಗಲಿ ತಾಯಿ. ಮೊದ್ಲ ಆ ಕಲ್ಲು ಹೊಳ್ಳಿ ಹಾಕಸ್ರಿ!”

ಎಂಟು ಆಳು ಸೇರಿ ಕಲ್ಲನ್ನು ಮಗುಚಿದರು. ಭರಮ ಅಂಚನ್ನು ಉಜ್ಜಿ ಉದುರಿದ ಮರಳನ್ನು ಸೋಮಲೆಯ ಅಂಗೈಗೆ ಹಾಕಿದ.

“ಇದರ ತಾಯಿ ಉಸುಕರೀ. ಗುಡ್ಡ ಆಗೋದಕ್ಕ ಮೊದ್ಲ ಇದು ಹೊಳಿ ದಂಡಿ ಇತ್ತು. ಈ ಸುಕ್ಕು ಆಗ ನೀರಿನ ತೆರಿ ಬರದದ್ದು, ಇಂಥಾದ್ದು ಈಗೂ ದಂಡ್ಯಾಗ ಐತಿ, ಹೋಗಿ ನೋಡ್ರಿ. ಇನ್ನ ಇಲ್ಲಿ ಬೆರಳಾಡಸ್ರಿ. ಈ ಮಗ್ಗಲಿಗೆ ತೆಗ್ಗು ಐತಲ್ಲ? ಹುಳ ತೆವಳಿದ ಹಾದಿ ಅದು. ಗುಡ್ಡದಾಗ ಇದರ ಕೆಳಗಿದ್ದ ಪದರಿನ್ಯಾಗೂ ಹಿಂಗ ತೆಗ್ಗಿದ್ವು. ಅದರಾಗ ಉಸುಕು ತುಂಬಿ, ಈ ಕಲ್ಲಿನ ತಳದಾಗ ಉಬ್ಬಿ ನಿಂತೈತಿ. ಕಲ್ಲು ಬೋರಲಿದ್ದಾಗ ಮ್ಯಾಲ ಕಂಡ ಆ ಉಬ್ಬನ್ನ ಭಟ್ಟರು ಹಾವು ಅಂದ್ರು. ಇಲ್ಲಿ ಯಾರ ದೇಹಾನೂ ಇಲ್ಲರೀ, ಹಾದಿ ಅಷ್ಟ.”

ಸೋಮಲೆ ಬೆರಳಾಡಿಸಿ ನೋಡಿದಳು, ಇನ್ನೊಮ್ಮೆ ನೋಡಿದಳು. “ಹೆಸರು?”

“ನಮ್ಮ ಮಂದಿ ಅಜ್ಜನ ಕಾಲದಿಂದ ‘ಹುಳದ ಹಾದಿ’ ಅಂತಾರ್ರೀ.”

ಅದೇ ಹೆಸರು ನಿಂತಿತು. ಕೆಂಗುಡ್ಡದ ಕಲ್ಲುಗಳನ್ನೆಲ್ಲ ವಿಂಗಡಿಸಿ ಹೆಸರಿಡುವ ಅಧಿಕಾರವನ್ನು ಸೋಮಲೆ ಭರಮನಿಗೇ ಕೊಟ್ಟಳು. ಬೇಡಿಕೊಳ್ಳೆಂದಾಗ ಅವನು ಪಂಡಿತರೆಲ್ಲರ ತಲೆ ಉಳಿಸಿರೆಂದು ಬೇಡಿದ.

ಬಿಡುಗಡೆಯಾದ ಭಟ್ಟರು ಶಾಲು ಕೊಡವಿಕೊಂಡು ಬಂದು ಸಿಡುಕಿದರು: “ಇಷ್ಟು ಗೊತ್ತಿದ್ದವನು ಮೊದಲ ದಿನವೇ ಹೇಳಬಾರದಿತ್ತೇನಯ್ಯಾ?”

ಭರಮ ಕಾವಲುಗಾರನ ಕಡೆ ತಿರುಗಿದ. ಅವನು ಆಕಾಶ ನೋಡುತ್ತಿದ್ದ.