ಹಗುರ ಸ್ಟ್ಯಾಂಡಿನ ಯಜಮಾನರು

ಊರೂರು ತಿರುಗಿ ಬಾಗಿಲು ಕೂರಿಸುವ ಚೆಲುವಾಚಾರಿ, ಹಲಗೆ ಇಟ್ಟು ಕೊಯ್ಯಲು ಒಂದು ಸ್ಟ್ಯಾಂಡು ಬೇಕೆಂದು ಹಳೇ ಸಾಮಾನಿನ ಅಂಗಡಿಗೆ ಹೋದ. ಹಿಂಬದಿಯ ಕೋಣೆಯಲ್ಲಿ ಎರಡು ನಿಂತಿದ್ದವು.

"ನನ್ನನ್ನು ಕೊಂಡೊಯ್ಯಿರಿ, ಆಚಾರ್ರೇ," ಎಂದಿತು ಅಲ್ಯೂಮಿನಿಯಂ ಸ್ಟ್ಯಾಂಡು. "ಮಡಚಿದರೆ ಕಂಕುಳಲ್ಲಿ ಹಿಡಿಸುತ್ತೇನೆ."

ಚೆಲುವಾಚಾರಿ ಅದನ್ನು ಮಡಚಿ ಎತ್ತಿ ನೋಡಿದ. ಛತ್ರಿಯಷ್ಟು ಹಗುರವಾಗಿತ್ತು. ಅವನ ಮನಸ್ಸು ಅದರತ್ತಲೇ ವಾಲಿತು. ಆದರೂ ಪಕ್ಕದ ಹೊನ್ನೆಮರದ ಸ್ಟ್ಯಾಂಡನ್ನು ಕೇಳಿದ: "ನೀನೇನು ಹೇಳುತ್ತೀ?"

"ನಾನು ಭಾರ. ನನ್ನ ಯಜಮಾನರು ಹನ್ನೊಂದು ವರ್ಷ ನನ್ನನ್ನು ಹೊತ್ತರು, ದಿನಾ ಬೈದರು. ವಯಸ್ಸಾಗಿ ಕೆಲಸ ಬಿಟ್ಟಾಗ ತಾವೇ ಇಲ್ಲಿ ತಂದಿಟ್ಟರು."

ಹಗುರದ್ದು ಮೆಲ್ಲಗೆ ನಕ್ಕಿತು. "ನನಗೆ ನಾಲ್ವರು ಯಜಮಾನರಿದ್ದರು. ಒಬ್ಬರೂ ನನ್ನನ್ನು ದೂರಲಿಲ್ಲ."

"ಅವರೇ ನಿನ್ನನ್ನು ಇಲ್ಲಿಗೆ ತಂದರೋ?" ಎಂದು ಕೇಳಿದ ಚೆಲುವಾಚಾರಿ.

"ಇಲ್ಲ. ನಾಲ್ಕು ಸಲವೂ ಅವರ ಹೆಂಡತಿಯರು ತಂದರು. ಯಜಮಾನರು ಬರುವ ಹಾಗಿರಲಿಲ್ಲ."

ಚೆಲುವಾಚಾರಿ ಅದನ್ನು ಸದ್ದಾಗದಂತೆ ಕೆಳಗಿಟ್ಟು, ಹೊನ್ನೆಯದನ್ನು ಹೆಗಲಿಗೇರಿಸಿದ. ಭಾರಕ್ಕೆ ಸೊಂಟ ಬಗ್ಗಿತು, ಆದರೂ ಇಳಿಸಲಿಲ್ಲ.

ಬಾಗಿಲಲ್ಲಿ ಇನ್ನೊಬ್ಬ ಬಡಗಿ ಎದುರಾದ. "ಒಳಗೆ ಹಗುರದ್ದೇನಾದರೂ ಇದೆಯೇ?" ಎಂದು ಕೇಳಿದ.

ಚೆಲುವಾಚಾರಿ ಉತ್ತರಿಸುವಷ್ಟರಲ್ಲಿ ಹಿಂದೆ ಟಕ್ಕೆಂದು ಸದ್ದಾಯಿತು. ಅಲ್ಯೂಮಿನಿಯಂ ಸ್ಟ್ಯಾಂಡು ತಾನಾಗಿಯೇ ಕಾಲು ಬಿಡಿಸಿ ನಿಂತಿತ್ತು.